ಕಾಲೇಜಿಗೆ ಹೋಗದ ಮಕ್ಕಳಿಗೆ ಎಂಥ ಇಂಗ್ಲಿಷ್ ಪಾಠ?

ಹತ್ತನೆಯ ತರಗತಿಗೇ ಓದು ಮುಗಿಸುವ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಪಾಠವನ್ನು ಬೇರೆಯಾಗಿ ಹೇಗೆ ರೂಪಿಸಲಿ ಎಂದು ಕೇಳಿದ್ದೀರಿ. ಜಗಳೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನೂ ಹಾಗೆ ಬೇರೆ ಮಾಡಿದವನೇ.

ಜೂನ್ ತಿಂಗಳಲ್ಲೇ ಹಾಜರಿ ಪುಸ್ತಕ ಹಿಡಿದು ಮನಸ್ಸಿನಲ್ಲಿ ಗೆರೆ ಎಳೆದಿದ್ದೆ. ಇವನು ಕುರಿ ಕಾಯಲು, ಇವಳಿಗೆ ಮದುವೆ, ಇವನು ದಾವಣಗೆರೆಯ ಗ್ಯಾರೇಜಿಗೆ. ಗೆರೆಯ ಆಚೆಯವರಿಗೆ ‘ಪಾಸಿಂಗ್ ಪ್ಯಾಕೇಜ್’: ಒಂದು ಪದ್ಯ ಬಾಯಿಪಾಠ, ಒಂದು ಪತ್ರ, ಒಂದಿಷ್ಟು ಪ್ರಶ್ನೋತ್ತರ. ಆಗ ನೂರಕ್ಕೆ 35 ಬಂದರೆ ಸಾಕಿತ್ತು.

ಆ ಗುಂಪಿನ ಹುಡುಗನೊಬ್ಬ ಪದ್ಯವನ್ನು ಅಕ್ಷರ ತಪ್ಪದೆ ಬರೆಯುತ್ತಿದ್ದ. ಅವನೇ ಬರೆದ ಹಾಳೆಯಲ್ಲಿ ಮೂರನೆಯ ಸಾಲಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದರೆ, ಮೊದಲ ಸಾಲಿನಿಂದ ತುಟಿಯಲ್ಲೇ ಗುನುಗುತ್ತ ಬಂದು, ಆ ಜಾಗ ತಲುಪಿದಾಗಷ್ಟೇ ಹೇಳುತ್ತಿದ್ದ. ನಾನು ಎಡವಿದ್ದು ಇಲ್ಲೇ. ಅವನು ಓದುತ್ತಿಲ್ಲ, ರಾಗವನ್ನು ಪೆನ್ನಿನಲ್ಲಿ ಇಳಿಸುತ್ತಿದ್ದಾನೆ ಎಂದು ಕಂಡಿತ್ತು. ಕಂಡೂ ‘ಪಾಸಾಗುತ್ತಾನಲ್ಲ’ ಎಂದು ಮುಂದಿನ ಬೆಂಚಿಗೆ ಹೋದೆ. ಪದದ ಮೊದಲಿಗೆ ಸೇರಿ ಅರ್ಥ ಬದಲಿಸುವ ‘ಅನ್’, ‘ನಾನ್’ನಂಥ ಪೂರ್ವಪ್ರತ್ಯಯಗಳ ಪಾಠವನ್ನು ಪ್ಯಾಕೇಜಿನಿಂದ ತೆಗೆದವನೂ ನಾನೇ. ಒಂದೆರಡು ಅಂಕಕ್ಕೆ ಯಾರು ಒದ್ದಾಡುತ್ತಾರೆ?

ಅವನು 41 ಅಂಕ ತೆಗೆದ. ಪೇಡೆಯನ್ನೂ ಕೊಟ್ಟ.

ಎರಡು ವರ್ಷದ ನಂತರ ಅವನ ತಂದೆ ಮೆಕ್ಕೆಜೋಳದ ಹೊಲಕ್ಕೆಂದು ಕಳೆನಾಶಕ ತಂದರು. ಜೊತೆಗಿದ್ದ ಕನ್ನಡದ ಚೀಟಿಯನ್ನು ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಪಾಸಾದ ಮಗನಿದ್ದನಲ್ಲ! ಅವನು ಲೇಬಲ್ಲಿನಲ್ಲಿ ‘ವೀಡ್ಸ್’ ಹುಡುಕಿ, ಕಳೆಗೇ ಇದು ಎಂದ. ಅದರ ಮೇಲೆಯೇ ‘ನಾನ್-ಸೆಲೆಕ್ಟಿವ್’ ಎಂದಿತ್ತು. ಗ್ಲೈಫೋಸೇಟ್ ಅದು, ಕಳೆ ಬೆಳೆ ಎಂದು ನೋಡುವುದಿಲ್ಲ. ಮೊಣಕಾಲೆತ್ತರದ ಎರಡು ಎಕರೆ ಪೈರು ಹತ್ತು ದಿನದಲ್ಲಿ ಹಳದಿಯಾಗಿ ಒಣಗಿತು.

ತಂದೆ ಜಗಳಕ್ಕೆ ಬರಲಿಲ್ಲ. ಖಾಲಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಇವನು ಪಾಸಾಗಿದ್ದು ನಿಜವೇ ಸರ್?’ ಎಂದರು.

ಆದ್ದರಿಂದ ಬೇರೆ ಪಾಠ ಮಾಡಬೇಡಿ. ಯಾರು ಕಾಲೇಜಿಗೆ ಹೋಗುವುದಿಲ್ಲ ಎಂದು ಜೂನ್‌ನಲ್ಲೇ ಹೇಳಲು ನೀವೇನು ಜ್ಯೋತಿಷಿಯೇ? ಸ್ಪೋಕನ್ ಇಂಗ್ಲಿಷಿನ ಹುಚ್ಚನ್ನೂ ಸದ್ಯಕ್ಕೆ ಬಿಡಿ. ನಮ್ಮ ಹೊಲಗಳಲ್ಲಿ ಯಾರೂ ಬಂದು ಇಂಗ್ಲಿಷಿನಲ್ಲಿ ಮಾತಾಡಿಸುವುದಿಲ್ಲ. ಅದು ಅಚ್ಚಾಗಿ ಬರುತ್ತದೆ: ಬ್ಯಾಂಕಿನ ಸಂದೇಶದಲ್ಲಿ ‘ಡೆಬಿಟೆಡ್’, ‘ಕ್ರೆಡಿಟೆಡ್’ ಆಗಿ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ‘ಪಾಯ್ಸನ್’, ‘ಡೇಂಜರ್’, ‘ಕಾಷನ್’ ಆಗಿ. ಕೀಟನಾಶಕದ ಲೇಬಲ್ಲಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಿರುತ್ತವೆ. ಕೆಂಪೇ ಅತಿ ಘೋರ, ಹಸಿರೂ ನಿರಪಾಯವಲ್ಲ. ಇವನ್ನೇ ಇಡೀ ತರಗತಿಗೆ ಓದಿಸಿ, ಪಿಯುಸಿಗೆ ಹೋಗುವವರಿಗೂ. ಆದರೆ ಡಬ್ಬಿ ತರಿಸಬೇಡಿ, ಲೇಬಲ್ಲಿನ ಫೋಟೊ ಸಾಕು. ನಾನು ಮೊದಲ ವರ್ಷ ಡಬ್ಬಿಗಳನ್ನೇ ತರಿಸಿದ್ದೆ, ಕೋಣೆಯಿಡೀ ನಾರಿ ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡೆ.

ಆ ಹುಡುಗ ಈಗಲೂ ಹೊಸ ಔಷಧಿ ಕೊಂಡರೆ ಮೊಬೈಲಿನಲ್ಲಿ ಫೋಟೊ ಕಳಿಸುತ್ತಾನೆ. ಕಳೆದ ಮುಂಗಾರಿನಲ್ಲಿ ಕೆಳಗೆ ಕನ್ನಡದಲ್ಲಿ ಬರೆದಿದ್ದ: ‘ಸೆಲೆಕ್ಟಿವ್ ಎಂದಿದೆ ಸರ್. ಮೊದಲಲ್ಲಿ ನಾನ್ ಇಲ್ಲ. ನೀವೂ ಒಮ್ಮೆ ನೋಡಿಬಿಡಿ.’