‘ದುಡ್ಡು ಕೊಟ್ಟು ಆಡೋಕೆ ಕಳಿಸಬೇಕಾ?’

ಓದುಗರ ಪತ್ರ (ಸಂಗ್ರಹ): ಬರುವ ಜೂನ್ 1ಕ್ಕೆ ನಮ್ಮ ಮಗಳಿಗೆ 3 ವರ್ಷ 4 ತಿಂಗಳು. ಮನೆ ಹತ್ತಿರ ಎರಡು ಶಾಲೆ ನೋಡಿದೆವು. ಒಂದರಲ್ಲಿ ಮಕ್ಕಳು ಮಧ್ಯಾಹ್ನದವರೆಗೂ ಆಡುತ್ತಲೇ ಇರುತ್ತಾರೆ, ಪಠ್ಯಪುಸ್ತಕವೇ ಇಲ್ಲ. ಇನ್ನೊಂದರಲ್ಲಿ ಎಲ್‌ಕೆಜಿ ಮಕ್ಕಳ ನೋಟ್‌ಬುಕ್ ತೋರಿಸಿದರು. 1ರಿಂದ 100, ಎಬಿಸಿಡಿ, ಅ ಆ ಇ ಈ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದಿದ್ದಾರೆ. ‘ಹುಡುಗಿ ಚುರುಕಾಗಿದ್ದಾಳೆ, ನರ್ಸರಿ ಬೇಡ, ನೇರ ಎಲ್‌ಕೆಜಿಗೇ ಹಾಕಿ’ ಅಂದರು. ನನಗೆ ಮೊದಲನೆಯದು ಇಷ್ಟವಾಯಿತು. ಅತ್ತೆ ‘ದುಡ್ಡು ಕೊಟ್ಟು ಆಡೋಕೆ ಕಳಿಸಬೇಕಾ?’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ:

ವಯಸ್ಸಿನ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. 2022ರ ರಾಜ್ಯ ಸರ್ಕಾರದ ಆದೇಶದ ಪ್ರಕಾರ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಈಗ ಎಲ್‌ಕೆಜಿಗೆ ಹಾಕಿದರೆ ನಿಮ್ಮ ಮಗಳು ಒಂದನೇ ತರಗತಿಯ ಬಾಗಿಲಿಗೆ ಬರುವುದು 5 ವರ್ಷ 4 ತಿಂಗಳಿಗೆ. 2025-26ರ ಸಾಲಿಗೆಂದು ಕೊಟ್ಟ ಸಡಿಲಿಕೆ ಕೂಡ 5 ವರ್ಷ 5 ತಿಂಗಳಿಗೆ ನಿಂತಿತ್ತು. ಅದಕ್ಕೂ ಒಂದು ತಿಂಗಳು ಕಡಿಮೆ. ಆಗ ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸುತ್ತಾರೆ, ಜೊತೆಯವರು ಮುಂದೆ ಹೋಗುತ್ತಾರೆ. ಅವಳ ಕೈಯಲ್ಲಿ ಪೂರ್ತಿ ಮೂರು ವರ್ಷಗಳಿವೆ. ನರ್ಸರಿಗೇ ಸೇರಿಸಿ. ‘ಚುರುಕಾಗಿದ್ದಾಳೆ’ ಎಂಬ ಮಾತನ್ನು ಅಡ್ಮಿಷನ್ ಕೌಂಟರಿನಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಹೇಳುತ್ತಾರೆ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಅದನ್ನು ತಳ್ಳಿಹಾಕಬೇಡಿ, ಅದು ಸರಿಯಾದ ಪ್ರಶ್ನೆಯೇ. ‘ನಮ್ಮದು ಪ್ಲೇ ಮೆಥಡ್’ ಎನ್ನುತ್ತಾ ಒಂದು ಜಾರುಬಂಡೆ, ನಾಲ್ಕು ಪ್ಲಾಸ್ಟಿಕ್ ಕುದುರೆ ಇಟ್ಟು, ಟಿವಿಯಲ್ಲಿ ರೈಮ್ಸ್ ಹಾಕಿ, ಆಯಾ ಒಬ್ಬರನ್ನು ಕಾವಲಿಗೆ ಕೂರಿಸುವ ಶಾಲೆಗಳು ಇವೆ. ಅಂಥ ಆಟ ಮನೆಯಂಗಳದಲ್ಲಿ ಪುಕ್ಕಟೆ ಸಿಗುತ್ತದೆ. ನೀವು ಫೀಸು ಕೊಡಬೇಕಾದದ್ದು ಆಟದ ಹಿಂದೆ ಟೀಚರ್ ಮಾಡಿಟ್ಟ ತಯಾರಿಗೆ.

ಅಂಗಡಿ ಆಟವನ್ನೇ ತೆಗೆದುಕೊಳ್ಳಿ. ಮೂಲೆಯಲ್ಲಿ ತಕ್ಕಡಿ, ಬುಟ್ಟಿ, ದುಡ್ಡಿಗೆ ಎಲೆಗಳು. ಮಕ್ಕಳು ತಾವೇ ಮಾರುತ್ತಾರೆ, ಕೊಳ್ಳುತ್ತಾರೆ. ಹತ್ತು ನಿಮಿಷ ಬಿಟ್ಟು ಟೀಚರ್ ಗಿರಾಕಿಯಾಗಿ ಬಂದು, ‘ಮೂರು ನಿಂಬೆಹಣ್ಣು ಕೊಡಿ, ದೊಡ್ಡವೇ ಬೇಕು’ ಎನ್ನುತ್ತಾರೆ. ಬುಟ್ಟಿಯಲ್ಲಿ ಬೇಕೆಂದೇ ಎಂಟೇ ಹಣ್ಣು ಇಟ್ಟಿದ್ದಾರೆ. ಮೂರನೆಯ ಗಿರಾಕಿಯ ಹೊತ್ತಿಗೆ ಸಾಲದೆ ಹೋಗುತ್ತದೆ. ‘ಇನ್ನೆಷ್ಟು ಬೇಕು?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಎಣಿಕೆ, ದೊಡ್ಡದು-ಚಿಕ್ಕದು, ಸರದಿ ಕಾಯುವುದು, ಬಾಯಿಬಿಟ್ಟು ಕೇಳುವುದು ಎಲ್ಲವೂ ಅಲ್ಲಿವೆ. ಮಗುವಿಗೆ ಮಾತ್ರ ಅದು ಅಂಗಡಿ. ಹಾಗಾಗಿ ನೀವು ಮೆಚ್ಚಿದ ಶಾಲೆಯಲ್ಲಿ ‘ಹೋದ ವಾರದ ಟೀಚರ್ ಪ್ಲ್ಯಾನ್ ತೋರಿಸಿ’ ಎಂದು ಕೇಳಿ. ಬರುವ ವಾರದ್ದನ್ನು ಯಾರು ಬೇಕಾದರೂ ಚೆಂದವಾಗಿ ಬರೆದಿಡಬಹುದು. ಹೋದ ವಾರದ್ದರಲ್ಲಿ ‘ಇದು ಆಗಲಿಲ್ಲ, ಇಂಥವಳಿಗೆ ಮತ್ತೆ ಮಾಡಿಸಬೇಕು’ ಎಂಬ ಗೀಚು ಇದ್ದರೆ ಅಲ್ಲಿ ಕೆಲಸ ನಡೆದಿದೆ. ಪಠ್ಯಪುಸ್ತಕ ಇಲ್ಲದ್ದಕ್ಕೆ ಚಿಂತೆ ಬೇಡ: 3ರಿಂದ 6 ವರ್ಷದವರಿಗೆ ನಿಗದಿತ ಪಠ್ಯಪುಸ್ತಕ ಇರಬಾರದು ಎಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳುತ್ತದೆ. ಕಥೆಪುಸ್ತಕಗಳು ಮಾತ್ರ ಬೇಕು, ಅದೂ ಮಗುವಿನ ಕೈಗೆಟುಕುವ ಎತ್ತರದಲ್ಲಿ, ಅಂಚು ಸವೆದಿರುವಂಥವು.

ಆ ಮುತ್ತಿನಂಥ ನೋಟ್‌ಬುಕ್ ವಿಷಯಕ್ಕೆ ಬರೋಣ. ಮೂರು-ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳಲ್ಲಿ ಕೆಲವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಕೈ ಪಳಗುವುದಕ್ಕೂ ಒಂದು ಕ್ರಮವಿದೆ. ನೇರ ಗೆರೆ, ವೃತ್ತ ಸಾಮಾನ್ಯವಾಗಿ 3ರ ಆಸುಪಾಸಿನಲ್ಲಿ ಬರುತ್ತವೆ, ಕೂಡುವ ಚಿಹ್ನೆ 4ಕ್ಕೆ, ಚೌಕ ನಾಲ್ಕೂವರೆ-ಐದಕ್ಕೆ. ಓರೆ ಗೆರೆ ಬೇಡುವ ತ್ರಿಕೋನ 5 ದಾಟಿದ ಮೇಲೆ. ಮೂರೂವರೆಯ ಮಗುವಿನಿಂದ ಇಂಗ್ಲಿಷಿನ ಕೆ, ಎಂ ಬರೆಸುವುದೆಂದರೆ ಇನ್ನೂ ಬಾರದ ಓರೆ ಗೆರೆಯನ್ನು ಕೇಳಿದಂತೆ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ, ಆ ಹಿಡಿತವೇ ಅಭ್ಯಾಸವಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಅಷ್ಟು ಅಂದದ ಪುಟಗಳು ಬಂದಿವೆಯೆಂದರೆ ಮಿಸ್ ಕೈಹಿಡಿದು ಬರೆಸಿರಬೇಕು, ಇಲ್ಲವೇ ಚುಕ್ಕಿ ಸೇರಿಸಿ ಬರೆಸಿರಬೇಕು. ಈ ವಯಸ್ಸಿಗೆ ಬರವಣಿಗೆಯ ಪಾಠವೆಂದರೆ ಅವರೆಕಾಯಿ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಬೆರಳಾಡಿಸುವುದು.

1ರಿಂದ 100 ಹೇಳುವುದೂ ಹಾಗೆಯೇ, ಅದೊಂದು ಹಾಡು. ಮಗುವಿನ ಮುಂದೆ ಐದು ಬೆಂಡೆಕಾಯಿ ಇಟ್ಟು ಎಣಿಸಲು ಹೇಳಿ. ಎಣಿಸಿದ ಮೇಲೆ ದೂರ ದೂರ ಹರಡಿ ‘ಈಗ ಎಷ್ಟು?’ ಎಂದು ಕೇಳಿ. ಮತ್ತೆ ಮೊದಲಿಂದ ಎಣಿಸಲು ಶುರುಮಾಡಿದರೆ ಸಂಖ್ಯೆ ಇನ್ನೂ ತಲೆಗೆ ಇಳಿದಿಲ್ಲ, ನೂರರವರೆಗೆ ಬರೆದರೂ ಅಷ್ಟೇ.

ಹಾಗೆಂದು ಅಕ್ಷರವನ್ನು ಒಂದನೇ ತರಗತಿವರೆಗೆ ಮುಟ್ಟಲೇಬಾರದು ಎನ್ನುವ ಪಂಗಡಕ್ಕೂ ನಾವು ಸೇರಿದವರಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡದಲ್ಲಿ ನೂರಾರು ರೂಪಗಳಿವೆ, ಕಿವಿ ಮೊದಲೇ ತಯಾರಾಗಿರಬೇಕು. ನರ್ಸರಿಯಲ್ಲಿ ‘ಕ-ಮ-ಲ’ ಎಂದು ಚಪ್ಪಾಳೆ ತಟ್ಟಿ ಬಿಡಿಸುವುದು, ಪ್ರಾಸದ ಹಾಡು. ಎಲ್‌ಕೆಜಿಯಲ್ಲಿ ‘ಗ’ದಿಂದ ಶುರುವಾಗುವ ವಸ್ತು ಹುಡುಕುವುದು. ಯುಕೆಜಿಯಲ್ಲಿ ಅಕ್ಷರದ ಗುರುತು. ಆಗಲೂ ವರ್ಣಮಾಲೆಯ ಕ್ರಮವೇ ಆಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಶುರುವಾಗುವುದು ‘ರ ಗ ಸ ದ ಅ’ದಿಂದ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಲು ಬರುತ್ತವೆ. ಮಗುವಿಗೆ ಓದಿನ ರುಚಿ ಹತ್ತುವುದು ಅಲ್ಲಿ.

ಶಾಲೆಗೆ ಓಪನ್ ಹೌಸ್ ದಿನ ಹೋಗಬೇಡಿ. ವಾರದ ನಡುವೆ, ಬೆಳಿಗ್ಗೆ ಹತ್ತಕ್ಕೆ, ಒಂದು ಗಂಟೆ ಹಿಂದೆ ಕೂರಲು ಅನುಮತಿ ಕೇಳಿ. ಮಕ್ಕಳು ತಾವೇ ಆರಿಸಿಕೊಂಡು ಆಡುವುದಕ್ಕೆ ಒಂದೇ ಪಟ್ಟಿಗೆ 40-45 ನಿಮಿಷವಾದರೂ ಸಿಗುತ್ತದೆಯೇ ನೋಡಿ. ಹದಿನೈದು ನಿಮಿಷಕ್ಕೆ ಗಂಟೆ ಹೊಡೆದರೆ ಆಟ ಕುದುರುವ ಹೊತ್ತಿಗೆ ಮುಗಿದಿರುತ್ತದೆ. ಎಲ್ಲರನ್ನೂ ಕೂರಿಸಿ ಹೇಳಿಕೊಡುವುದು ನರ್ಸರಿಯಲ್ಲಿ ಒಮ್ಮೆಗೆ 15 ನಿಮಿಷ ಮೀರಬಾರದು. ಗೋಡೆಯ ಮೇಲಿನ ಇಪ್ಪತ್ತು ಆನೆಗಳಿಗೂ ಒಂದೇ ಥರದ ಸೊಂಡಿಲು ಇದ್ದರೆ ಬಿಡಿಸಿದ್ದು ಮಿಸ್.

2013ರ ರಾಷ್ಟ್ರೀಯ ಶಿಶುಪಾಲನೆ ಮತ್ತು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು, 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಬಯಲು ಎನ್ನುತ್ತದೆ. ಕೋಣೆಯ ಲೆಕ್ಕ ಸುಮಾರು 20 ಅಡಿಗೆ 19 ಅಡಿ; ಹೆಜ್ಜೆ ಹಾಕಿಯೇ ಅಳೆಯಬಹುದು. ದಿನಕ್ಕೆ ಮೂರು-ನಾಲ್ಕು ಗಂಟೆ ಸಾಕು ಎಂಬುದೂ ಅದರಲ್ಲೇ ಇದೆ.

ಬೋರ್ಡಿನ ಮೇಲೆ ‘ಮಾಂಟೆಸ್ಸರಿ’ ಎಂದಿದ್ದರೆ ಅದೊಂದರಿಂದ ಏನೂ ತಿಳಿಯುವುದಿಲ್ಲ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆ ಪದ್ಧತಿಯಲ್ಲಿ ಮಕ್ಕಳು ಕೈಯಾರೆ ಜೋಡಿಸುವ ಸಾಮಗ್ರಿ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳ ಗೋಪುರ, ಗಾಜಿನ ಬೀರುವಿನಲ್ಲಿದೆಯೋ ಚಾಪೆಯ ಮೇಲಿದೆಯೋ ನೋಡಿ. ಆ ಪದ್ಧತಿಯಂತೆ ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆಯೇ ಎಂದು ಕೇಳಿ.

ಕನ್ನಡ ಮಾತಾಡಿದರೆ ಗದರುವ ಶಾಲೆಯಾದರೆ ಅಲ್ಲಿಂದಲೇ ಎದ್ದು ಬನ್ನಿ. ‘ಮಿಸ್, ಒಂದಕ್ಕೆ ಹೋಗ್ಬೇಕು’ ಎಂದು ಹೇಳಲಾರದ ಮಗು ಮಧ್ಯಾಹ್ನದವರೆಗೆ ತಡೆದುಕೊಂಡು ಕೂತಿರುತ್ತದೆ. ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನು ಪ್ರಿನ್ಸಿಪಾಲರ ಬದಲು ಆ ಆಯಾ ಅವರನ್ನೇ ಕೇಳಿ. ಮಗುವಿಗೋ ನಿಮಗೋ ಇಂಟರ್‌ವ್ಯೂ ಇದೆ ಎಂದರೆ, ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 13ನೇ ಕಲಂ ಶಾಲಾ ಪ್ರವೇಶದಲ್ಲಿ ಅಂಥ ಸೋಸುವಿಕೆಯನ್ನೂ ಡೊನೇಷನ್ನನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ; ಆದರೆ ಅದು ಮುಖ್ಯವಾಗಿ 6ರಿಂದ 14 ವರ್ಷದ ಮಕ್ಕಳ ಕಾಯ್ದೆ.

ಫೀಸು ಕಟ್ಟುವ ಮುನ್ನ ಹತ್ತಿರದ ಅಂಗನವಾಡಿಗೂ ಹೋಗಿ ಬನ್ನಿ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದ ಮೊದಲ ಕೇಂದ್ರಗಳು ತಿ. ನರಸೀಪುರದಲ್ಲಿ ತೆರೆದವು. ಅಂದಿನಿಂದಲೂ ಆಟದ ಮೂಲಕ ಕಲಿಸುವುದು ಅಲ್ಲಿನ ಕೆಲಸವೇ, ‘ಚಿಲಿಪಿಲಿ’ ಎಂಬ ಪಠ್ಯಕ್ರಮವೂ ಇದೆ. ಆದರೆ ಒಬ್ಬ ಕಾರ್ಯಕರ್ತೆಯ ಮೇಲೆ ರಿಜಿಸ್ಟರು, ಸರ್ವೆಗಳ ಹೊರೆಯಿದೆ. ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಬಹಳ.

ನಿಮ್ಮ ಮೊದಲ ಶಾಲೆ ಹೋದ ವಾರದ ಪ್ಲ್ಯಾನ್ ತೋರಿಸಿ, ಒಂದು ಗಂಟೆ ಕೂರಲು ಬಿಟ್ಟರೆ ಸೇರಿಸಿ. ಮೊದಲ ವಾರ ಒಂದೊಂದು ಗಂಟೆ ಮಾತ್ರ ಬಿಟ್ಟು ಕರೆದುಕೊಂಡು ಬರುವುದಕ್ಕೆ ಒಪ್ಪುತ್ತಾರೆಯೇ ಕೇಳಿ, ಇಡೀ ವರ್ಷದ ಬದಲು ಒಂದು ಟರ್ಮಿನ ಫೀಸು ಮಾತ್ರ ಕಟ್ಟಿ. ಮೊದಲ ಎರಡು-ಮೂರು ವಾರ ಅಳುವುದು ಸಹಜ. ತಿಂಗಳಾದ ಮೇಲೂ ಭಾನುವಾರ ಸಂಜೆಯೇ ಹೊಟ್ಟೆನೋವು ಶುರುವಾಗುತ್ತಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಬಂದರೆ, ಪುನಃ ಹೋಗಿ ಹಿಂದೆ ಕೂತು ನೋಡಿ. ಈ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ.