ಓದುಗರ ಪ್ರಶ್ನೆ: ಮಾಸ್ಕೋ ದಾರಿಯ ರೈಲು ಕಂಬಿ

ಪ್ರಶ್ನೆ: 1941ರಲ್ಲಿ ಜರ್ಮನ್ ಸೈನ್ಯ ಮಾಸ್ಕೋದ ಹತ್ತಿರ ಸೋತದ್ದು ಚಳಿಯಿಂದ ಎಂದು ಓದಿದ್ದೇನೆ. ರೈಲು ಹಳಿಯ ಅಗಲವೂ ಕಾರಣವಂತೆ, ಹೌದೇ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಹೌದು, ಆದರೆ ಹಳಿಗಿಂತ ಹೆಚ್ಚು ಕಾಡಿದ್ದು ಎಂಜಿನ್.

ಎರಡು ಕಂಬಿಗಳ ಒಳ ಅಂಚುಗಳ ನಡುವಿನ ಅಂತರವೇ ಗೇಜ್. ನಿಮ್ಮ ಕುಂಬಳೆ ಸ್ಟೇಷನ್ನಿನಲ್ಲಿ ಅದು 1676 ಮಿ.ಮೀ. ಜರ್ಮನಿಯಲ್ಲಿ 1435, ಸೋವಿಯತ್ ನಾಡಿನಲ್ಲಿ ಆಗ 1524. ವ್ಯತ್ಯಾಸ 89 ಮಿ.ಮೀ., ಸುಮಾರು ಒಂದು ಅಂಗೈ ಅಗಲ. ಅಷ್ಟಕ್ಕೇ ವ್ಯಾಗನ್ ಮುಂದೆ ಹೋಗದು. ಮಂಗಳೂರು–ಹಾಸನ ದಾರಿ ಮೀಟರ್ ಗೇಜ್ ಆಗಿದ್ದಾಗ ಕಾಸರಗೋಡಿನ ಕಡೆಯಿಂದ ಹೋದ ವ್ಯಾಗನ್ ಆ ಹಳಿ ಹತ್ತುವಂತಿರಲಿಲ್ಲ. ಸರಕು ಇಳಿಸಿ ಬೇರೆ ವ್ಯಾಗನ್ನಿಗೆ ತುಂಬಬೇಕಿತ್ತು. ಶೆಲ್, ಪೆಟ್ರೋಲ್ ಡ್ರಮ್, ಕುದುರೆ ಮೇವು ಎಲ್ಲವನ್ನೂ ಹಾಗೆ ಇಳಿಸಿ ತುಂಬುವುದನ್ನು ಊಹಿಸಿ.

ಹಳಿ ಬದಲಿಸುವುದು ಅಷ್ಟು ಕಷ್ಟವಲ್ಲ. ಸ್ಲೀಪರ್, ಅಂದರೆ ಕಂಬಿಗಳ ಅಡಿಗೆ ಅಡ್ಡ ಹಾಸಿದ ದಿಮ್ಮಿ, ಮರದ್ದು. ಒಂದು ಬದಿಯ ಕಂಬಿಯ ಮೊಳೆಗಳನ್ನು ಕಿತ್ತು, ಕಂಬಿಯನ್ನು 89 ಮಿ.ಮೀ. ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆದರೆ ಆಯಿತು. ಅಗಲದ ಹಳಿಯನ್ನು ಕಿರಿದು ಮಾಡುವುದು ಸುಲಭ. ಕಿರಿದನ್ನು ಅಗಲಿಸಲು ಹೋದರೆ ಸ್ಲೀಪರಿನ ತುದಿಯಲ್ಲಿ ಜಾಗ ಸಾಲದೆ ಹೋಗಬಹುದು. ತೊಂದರೆ ಇದ್ದದ್ದು ಹಳಿ ಕವಲೊಡೆಯುವ ಪಾಯಿಂಟುಗಳಲ್ಲಿ. ಅವನ್ನು ಹೊಸದಾಗಿ ಜೋಡಿಸಬೇಕು.

ಇನ್ನು ಎಂಜಿನ್. ಸೋವಿಯತ್ ರೈಲ್ವೆಯವರು ಹಿಂದೆ ಸರಿಯುವಾಗ ತಮ್ಮ ಹೆಚ್ಚಿನ ಎಂಜಿನ್, ವ್ಯಾಗನ್‌ಗಳನ್ನು ಪೂರ್ವಕ್ಕೆ ಸಾಗಿಸಿಬಿಟ್ಟಿದ್ದರು. ಅವರ ಎಂಜಿನ್ ಹೆಚ್ಚು ನೀರು ಹೊತ್ತು ಓಡುವಂಥದ್ದು, ಹಾಗಾಗಿ ನೀರು ತುಂಬುವ ತಾಣಗಳು ದೂರ ದೂರ. ಜರ್ಮನ್ ಎಂಜಿನ್ ಅಷ್ಟು ದೂರ ಓಡದು. ನಡುನಡುವೆ ಹೊಸ ತಾಣ ಕಟ್ಟಬೇಕಾಯಿತು. ಜರ್ಮನ್ ಎಂಜಿನ್ನಿನ ನೀರಿನ ಕೊಳವೆಗಳು ಬಾಯ್ಲರಿನ ಹೊರಗೆ. ಚಳಿಗೆ ನೀರು ಹೆಪ್ಪುಗಟ್ಟಿ ಹಿಗ್ಗಿತು, ಕೊಳವೆಗಳು ಒಡೆದವು.

ಓಡುತ್ತಿದ್ದ ಕೆಲವೇ ರೈಲುಗಳಲ್ಲಿ ಮದ್ದುಗುಂಡಿಗೂ ಪೆಟ್ರೋಲಿಗೂ ಮೊದಲ ಜಾಗ ಸಿಕ್ಕಿತು. ಚಳಿಗಾಲದ ಕೋಟುಗಳು ಪೋಲೆಂಡಿನ ಉಗ್ರಾಣಗಳಲ್ಲೇ ಉಳಿದವು. ಚಳಿ ಕೊಂದದ್ದು ನಿಜ, ಆದರೆ ಕೋಟು ಬಾರದ್ದು ರೈಲಿನಿಂದಾಗಿ.

ಪ್ರಶ್ನೆ: ವೈರ್‌ಲೆಸ್ ಇದ್ದ ಸೈನ್ಯಕ್ಕೆ ಯಾವಾಗಲೂ ಲಾಭವೇ?
– ಓದುಗರು, ಮಂಜೇಶ್ವರ

ಉತ್ತರ: ಇಲ್ಲ. 1914ರ ಆಗಸ್ಟಿನಲ್ಲಿ, ಟಾನೆನ್‌ಬರ್ಗ್ ಕದನದ ಹೊತ್ತಿಗೆ, ಜರ್ಮನಿಯ ಪೂರ್ವ ಪ್ರಶ್ಯಕ್ಕೆ ನುಗ್ಗಿದ ರಷ್ಯದ ಎರಡು ಸೈನ್ಯಗಳ ಬಳಿ ಟೆಲಿಫೋನ್ ತಂತಿ ಸಾಲದಾಯಿತು. ಸಂಕೇತಲಿಪಿ ಬಳಸಿ ರೂಢಿಯಿಲ್ಲದ ಆಪರೇಟರುಗಳು ನಾಳೆ ಎಲ್ಲಿಗೆ ನಡೆಯುತ್ತೇವೆ ಎಂಬ ಆದೇಶಗಳನ್ನೂ ವೈರ್‌ಲೆಸ್ಸಿನಲ್ಲಿ ಸಂಕೇತವಿಲ್ಲದೆ ನೇರ ಮಾತಿನಲ್ಲೇ ಕಳಿಸಿದರು. ಜರ್ಮನರು ಕೇಳಿಸಿಕೊಂಡರು. ಉತ್ತರದ ರೆನೆನ್‌ಕಾಂಫನ ಸೈನ್ಯ ಬೇಗ ಬರದು ಎಂದು ಖಚಿತವಾಗುತ್ತಲೇ ಧೈರ್ಯದಿಂದ ದಕ್ಷಿಣದ ಸಾಮ್ಸೊನೊವನ ಮೇಲೆ ಬಿದ್ದರು. ಅದಕ್ಕಾಗಿ ಜರ್ಮನರ ಒಂದು ಇಡೀ ಕೋರ್ (ಹಲವು ಸಾವಿರ ಸೈನಿಕರ ದೊಡ್ಡ ಪಡೆ) ರೈಲಿನಲ್ಲಿ ಸುತ್ತಿ ಬಂದಿತ್ತು. ಸುಮಾರು 90 ಸಾವಿರ ರಷ್ಯನ್ನರು ಸೆರೆಸಿಕ್ಕರು.