ಬ್ಯಾಕ್ಸ್ ಅವರ ‘ಟಿಂಟಾಜೆಲ್’ ಕೇಳಿದವ್ರಿಗೆ ಯಾಕಷ್ಟು ಇಷ್ಟ ಆಗತ್ತೆ?

ಕಥೆ ಗೊತ್ತಿಲ್ದಿದ್ರೂ ಸಮುದ್ರ ಕಣ್ಮುಂದೆ ಬರತ್ತೆ, ಅದಕ್ಕೇ. ಬ್ರಿಟಿಷ್ ಕಂಪೋಸರ್ ಆರ್ನಲ್ಡ್ ಬ್ಯಾಕ್ಸ್ 1917ರ ಬೇಸಿಗೇಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟಿಂಟಾಜೆಲ್‌ಗೆ ಹೋಗಿದ್ರು, ಬಂಡೆ ಮೇಲೆ ಪಾಳುಕೋಟೆ, ಕೆಳಗೆ ಅಟ್ಲಾಂಟಿಕ್, ಅದನ್ನೇ ಟೋನ್ ಪೋಯೆಮ್ ಮಾಡಿದ್ರು, ಅಂದ್ರೆ ಮಾತಿಲ್ದೆ ಆರ್ಕೆಸ್ಟ್ರಾದಲ್ಲೇ ಚಿತ್ರ ಕಟ್ಟೋ ಸಂಗೀತ. ಶುರುವಲ್ಲಿ ತಂತಿವಾದ್ಯ, ಕೊಳಲಿನಂಥ ವಾದ್ಯಗಳು ಸಣ್ಣ ಅಲೆ ಥರ ಒಂದೇ ಸಮ ಅಲುಗಾಡ್ತಿರ್ತವೆ, ಅದರ ಮೇಲೆ ಹಿತ್ತಾಳೆ ವಾದ್ಯಗಳು ನಿಧಾನಕ್ಕೆ ಕೋಟೆ ಎಬ್ಬಿಸ್ತವೆ, ಆ ಎರಡು ವೇಗ ಒಟ್ಟಿಗೆ ಕಿವಿಗೆ ಬಿದ್ದಾಗ್ಲೇ ಎದುರಿಗೆ ದೊಡ್ಡ ಬಯಲು ತೆರ್ಕೊಂಡ ಹಾಗಾಗೋದು. ಮಧ್ಯೆ ಜರ್ಮನ್ ಕಂಪೋಸರ್ ವಾಗ್ನರ್‌ನ ‘ಟ್ರಿಸ್ಟಾನ್’ ಆಪೆರಾದ ಒಂದು ತುಣುಕೂ ಬರತ್ತೆ, ಟ್ರಿಸ್ಟಾನ್, ಇಸೋಲ್ಡೆ ಅನ್ನೋ ಪ್ರೇಮಿಗಳ ಆ ದಂತಕಥೆಗೂ ಈ ಜಾಗಕ್ಕೂ ನಂಟಿದೆ. ಬ್ರಿಟನ್ನಿನ ಇನ್ನಿಬ್ರು ಕಂಪೋಸರ್ ಎಲ್ಗರ್, ಹೋಲ್ಸ್ಟ್ ಗೊತ್ತಿರೋಷ್ಟು ಜನಕ್ಕೆ ಬ್ಯಾಕ್ಸ್ ಗೊತ್ತಿಲ್ಲ, ನಂಗಂತೂ ಅನ್ಯಾಯ ಅನ್ಸತ್ತೆ. ಹೆಚ್ಚುಕಮ್ಮಿ 15 ನಿಮಿಷ ಅಷ್ಟೇ, ಆರ್ಕೆಸ್ಟ್ರಾ ಕಂಡಕ್ಟರ್ ಬಾರ್ಬಿರೋಲಿ ರೆಕಾರ್ಡಿಂಗ್‌ನಿಂದ ಶುರು ಮಾಡಿ.